ಕಾಂಗರೂ ಯಾರ ಮಾತು?

ಅಡಿಲೇಡ್

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ.

ಅಪ್ಪ, ಹೋದ ವಾರ ಫೋನಿನಲ್ಲಿ ಒಂದು ಕಥೆ ಹೇಳಿದಿರಲ್ಲ? ಆಸ್ಟ್ರೇಲಿಯಾಕ್ಕೆ ಬಂದ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ "ಇದು ಯಾವ ಪ್ರಾಣಿ?" ಅಂತ ಕೇಳಿದನಂತೆ, ಅಲ್ಲಿಯವರು "ಕಾಂಗರೂ" ಅಂದರಂತೆ, ಅದರ ಅರ್ಥ "ಗೊತ್ತಿಲ್ಲ" ಅಂತೆ. ಅದು ಕಟ್ಟುಕಥೆ. 1770ರಲ್ಲಿ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ಬಡಿದು, ರಿಪೇರಿಗೆ ಉತ್ತರ ಕ್ವೀನ್ಸ್‌ಲೆಂಡಿನ ಒಂದು ನದಿ ಸೇರಿತು. ಅಲ್ಲಿಯವರ ಭಾಷೆ ಗೂಗು ಯಿಮಿದಿರ್. ಅದರಲ್ಲಿ 'ಗಂಗುರು' ಅಂದರೆ ಒಂದು ಜಾತಿಯ ದೊಡ್ಡ ಕಾಂಗರೂ. ಬೇರೆ ಜಾತಿಗೆ ಬೇರೆ ಹೆಸರು. 1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ಭಾಷಾತಜ್ಞರು ಆ ಜನರ ಜೊತೆಗೇ ಇದ್ದು ಇದನ್ನು ಖಚಿತ ಮಾಡಿದರು.

ನಿಜವಾದ ತಮಾಷೆ ಇರುವುದು ಸಿಡ್ನಿಯಲ್ಲಿ. 1788ರಲ್ಲಿ ಅಲ್ಲಿ ಇಳಿದ ಬಿಳಿಯರು ಊರಿನವರ ಮುಂದೆ 'ಕಾಂಗರೂ' 'ಕಾಂಗರೂ' ಅಂದರು. ಸುಮಾರು 2000 ಕಿಲೋಮೀಟರ್ ಆಚೆಯ ಮಾತು, ಇವರಿಗೆ ಹೇಗೆ ತಿಳಿಯಬೇಕು? ಇವರು ಆ ಪ್ರಾಣಿಯನ್ನು ಕರೆಯುತ್ತಿದ್ದದ್ದು 'ಪಟಗರಂಗ್' ಅಂತ. ಮುಂದೆ ಹಡಗಿನಲ್ಲಿ ಬಂದ ಹಸುಗಳನ್ನು ತೋರಿಸಿದಾಗ, ಕೋಲ್ಬೀ ಎಂಬ ಊರಿನವನು "ಇವೇನಾ ಕಾಂಗರೂ?" ಅಂತ ಕೇಳಿದನಂತೆ! ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ.

ಇಲ್ಲಿಯ ಮೂಲನಿವಾಸಿಗಳ ಭಾಷೆ ಯಾವುದು ಅಂತ ಅಮ್ಮ ಕೇಳಿದಳು. ಒಂದಲ್ಲಮ್ಮ, ಬಿಳಿಯರು ಬಂದಾಗ 250ಕ್ಕೂ ಜಾಸ್ತಿ ಇದ್ದವು. ಇಂಗ್ಲಿಷಿನವರು ಕೈಗೆ ಸಿಕ್ಕಿದ ಕಡೆಯಿಂದ ಪದ ಎತ್ತಿಕೊಂಡರು. ಡಿಂಗೋ, ವೊಂಬ್ಯಾಟ್, ಕೊಆಲಾ ಎಂಬ ಪ್ರಾಣಿಗಳ ಹೆಸರುಗಳು ಸಿಡ್ನಿ ಕಡೆಯವು. ನಕ್ಕಹಾಗೆ ಕೂಗುವ ಕುಕಬರ್ರಾ ಹಕ್ಕಿಯ ಹೆಸರು ಒಳನಾಡಿನ ವಿರಾಜುರಿ ಭಾಷೆಯದು. ಪುಟ್ಟಿ ಫೋಟೋ ನೋಡಿ ಬೇಕು ಅಂತ ಹಟ ಮಾಡಿದಳಲ್ಲ, ಆ ಪುಟ್ಟ ಪ್ರಾಣಿಯ ಹೆಸರು ಕ್ವೊಕ್ಕಾ, ಅದು ಪಶ್ಚಿಮದ ನುಂಗಾರ್ ಜನರ ಮಾತು.

ನಾನಿರುವ ಅಡಿಲೇಡ್ ಗಾರ್ನಾ ಜನರ ನೆಲ. ಈ ಜಾಗಕ್ಕೆ ಅವರ ಹೆಸರು ಟಾರ್ನ್‌ಟಾನ್ಯ, ಕೆಂಪು ಕಾಂಗರೂವಿನ ಜಾಗ ಅಂತ. ಅವರ ಭಾಷೆಯಲ್ಲಿ ಗಂಡು ಕಾಂಗರೂ 'ನಂಟು'. (ನಮ್ಮ ನಂಟಿಗೂ ಇದಕ್ಕೂ ನಂಟಿಲ್ಲ ಬಿಡಿ.) ಬಿಳಿಯರ ಕುದುರೆ ಕಂಡಾಗ 'ಪಿಂಡಿ ನಂಟು' ಅಂದರು, ಬಿಳಿಯರ ಕಾಂಗರೂ ಅಂತ. ಕೋಲ್ಬೀ ಕೇಳಿದ್ದರಲ್ಲಿ ತಪ್ಪೇನಿತ್ತು, ಅಲ್ವಾ?

ಕಳೆದ ಶತಮಾನದಲ್ಲಿ ಗಾರ್ನಾ ಆಡುವವರೇ ಇಲ್ಲದಂತಾಗಿತ್ತು. ಮಕ್ಕಳಿಗೆ ಇಂಗ್ಲಿಷ್ ಮಾತ್ರ ಸಾಕು ಅಂತ ಹೇರಿದ ಕಾಲ ಅದು. ಆದರೆ 1840ರಲ್ಲೇ ಇಬ್ಬರು ಜರ್ಮನ್ ಪಾದ್ರಿಗಳು, ನಮ್ಮ ಕಿಟೆಲ್ ಥರದವರೇ, ಅದರ ವ್ಯಾಕರಣ, ಪದಪಟ್ಟಿ ಅಚ್ಚು ಹಾಕಿಸಿದ್ದರು. ಅದನ್ನೇ ಹಿಡಿದು ಗಾರ್ನಾ ಜನ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ, ಮಕ್ಕಳಿಗೂ ಕಲಿಸುತ್ತಿದ್ದಾರೆ. ನನಗೂ ಕಲಿಯಬೇಕು ಅಂತ ಆಸೆ, ಕ್ಲಾಸು ಎಲ್ಲಿ ನಡೆಯುತ್ತೆ ಅಂತ ವಿಚಾರಿಸುತ್ತಿದ್ದೇನೆ.

ಅಪ್ಪ, ಬಿಪಿ ಮಾತ್ರೆ ತಪ್ಪಿಸಬೇಡಿ. ಅಮ್ಮ, ಯಾರಾದರೂ ಈ ಕಡೆ ಬರುವವರಿದ್ದರೆ ಚಟ್ನಿಪುಡಿ ಕಳಿಸು.

ನಿಮ್ಮ,
ಸುಮಾ