ಪದವೀಧರರ ಮತಪಟ್ಟಿ: ಹೆಸರು ತಾನಾಗಿ ಬರಲ್ಲ

ಮಾನ್ಯ ಸಂಪಾದಕರೇ,

ವಿಧಾನಸಭೆಯ 224 ಶಾಸಕರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. 75 ಸದಸ್ಯರ ವಿಧಾನ ಪರಿಷತ್ತಿನ ಸುದ್ದಿ ಬಂದರೆ ಮಾತ್ರ ಮೌನ. ಇದರಲ್ಲಿ 7 ಜನರನ್ನು ಪದವೀಧರರೇ ನೇರವಾಗಿ ಆರಿಸಬೇಕು, ಆದರೆ ಎಷ್ಟೋ ಪದವೀಧರರಿಗೆ ಇದು ಗೊತ್ತೇ ಇಲ್ಲ.

2024ರ ಜೂನ್ 3ರಂದು ಮತ ಹಾಕಲು ನನ್ನ ಜೊತೆ ಬಂದಿದ್ದ ಗೆಳೆಯನ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ವಿಧಾನಸಭೆಗೆ ಓಟು ಹಾಕಿದ್ದೀನಲ್ಲ, ಗುರುತಿನ ಚೀಟಿ ಇದೆಯಲ್ಲ ಎಂದು ಬಾಗಿಲಲ್ಲೇ ವಾದ ಮಾಡಿದ, ಆಮೇಲೆ ಸಪ್ಪೆ ಮುಖ ಹಾಕಿಕೊಂಡು ಹೊರಗೆ ನಿಂತ. ಈ ಪಟ್ಟಿಯೇ ಬೇರೆ. ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಪ್ರತಿ ಚುನಾವಣೆಗೂ ಹೊಸ ಪಟ್ಟಿ ಮಾಡುತ್ತಾರೆ, ಹಾಗಾಗಿ ಹಿಂದಿನ ಸಲ ಹೆಸರಿದ್ದವರೂ ನಮೂನೆ 18 ಮತ್ತೆ ತುಂಬಿಕೊಡಬೇಕು. ಒಳಗೆ ಮತಯಂತ್ರವೂ ಇರಲ್ಲ. ಕಾಗದದ ಮತಪತ್ರ, ಅಲ್ಲೇ ಕೊಡುವ ಪೆನ್ನು, ಅಭ್ಯರ್ಥಿ ಹೆಸರಿನ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆಯಬೇಕು. ರೂಢಿಯಂತೆ ಟಿಕ್ ಹಾಕಿದರೆ ಮತ ಕುಲಗೆಟ್ಟಿತು.

ಪರಿಷತ್ತಿಗೆ ಬಲ ಕಮ್ಮಿ, ನಿಜ. ಹಣಕಾಸು ಮಸೂದೆಯನ್ನು 14 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಬೇರೆ ಮಸೂದೆಯನ್ನು ತಿರಸ್ಕರಿಸಿದರೂ ವಿಧಾನಸಭೆ ಎರಡನೇ ಸಲ ಒಪ್ಪಿದರೆ ಕೊನೆಗೆ ವಿಧಾನಸಭೆಯ ಮಾತೇ ನಡೆಯುತ್ತದೆ. ಆದರೂ ಅವಸರದಲ್ಲಿ ಬಂದ ಮಸೂದೆಯನ್ನು ಇನ್ನೊಮ್ಮೆ ಓದಿ ತಪ್ಪು ತೋರಿಸಲು ಪರಿಷತ್ತಿಗೆ ಮೊದಲ ಸಲ ಸಿಗುವ ಮೂರು ತಿಂಗಳು ಸಣ್ಣದಲ್ಲ ಅಲ್ವಾ?

ನೋಂದಣಿಯ ಅರ್ಜಿಗಳನ್ನು ಕಾಲೇಜು, ಗ್ರಂಥಾಲಯಗಳಲ್ಲೂ ತೆಗೆದುಕೊಳ್ಳುವ ವ್ಯವಸ್ಥೆ ಮಾಡಲಿ.

– ಒಬ್ಬ ಪದವೀಧರ ಮತದಾರ