ಹಾಕಿಸಿಕೊಟ್ಟವರು ನಾಳೆ ಇರದಿದ್ದರೆ

ಗದಗ

ಚಿರಂಜೀವಿ ಸುಮಾಳಿಗೆ ಸೋದರಮಾವನ ಅನೇಕ ಆಶೀರ್ವಾದಗಳು.

ಮಾಳಿಗೆಯ ಮೇಲೆ ಕರೆಂಟಿನ ಸೋಲಾರ್ ಹಾಕಿಸುವ ಬಗ್ಗೆ ನೀನು ಬರೆದ ಕಾಗದದ ಲೆಕ್ಕಗಳನ್ನೆಲ್ಲ ಓದಿದೆ. ಆದರೆ ಕೊನೆಯಲ್ಲಿ ನೀನು ಬರೆದ “ಸೋಲಾರ್ ಹಾಕಿಸಿಕೊಟ್ಟವರೇ ನಾಳೆ ಇರದಿದ್ದರೆ ಯಾರನ್ನು ಕೇಳಲಿ ಮಾವ?” ಎಂಬ ಸಾಲು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಕೇಳಬೇಕಾದ ಹೊತ್ತಿನಲ್ಲಿ ಆ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

1999ರಲ್ಲಿ ನಮ್ಮ ಮಾಳಿಗೆಯ ಮೇಲೆ ನೀರು ಕಾಯಿಸುವ ಸೋಲಾರ್ ಕೂಡಿಸಿದೆವು. ಬೋರಿನ ಗಡಸು ನೀರಿಗೆ ಮೂರೇ ವರ್ಷದಲ್ಲಿ ತಾಮ್ರದ ಕೊಳವೆಗಳೊಳಗೆ ಸುಣ್ಣದಂಥ ಬಿಳಿ ಪದರು ಕಟ್ಟಿ, ಪೆನ್ಸಿಲ್ಲು ತೂರುತ್ತಿದ್ದಲ್ಲಿ ಬೆಂಕಿಕಡ್ಡಿಯೂ ತೂರದಂತಾಯಿತು. ಕೂಡಿಸಿಕೊಟ್ಟವರ ಅಂಗಡಿಗೆ ನಾಲ್ಕು ಸಲ ಹೋಗಿ ಬೀಗ ನೋಡಿಕೊಂಡು ಬಂದೆ. ಬೇರೊಬ್ಬ ಮಿಸ್ತ್ರಿಯಿಂದ ತೊಳೆಸಬಹುದಿತ್ತು. ಸಿಟ್ಟಿನಲ್ಲಿ ಯಾರನ್ನೂ ಕರೆಸಲಿಲ್ಲ. ನಿನ್ನ ಅತ್ತೆ ಒಂಬತ್ತು ವರ್ಷ ಹಂಡೆಯ ಒಲೆಗೆ ಕಟ್ಟಿಗೆ ಒಟ್ಟಿ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ನೀರು ಕಾಯಿಸಿದಳು. ಹೋದ ದುಡ್ಡನ್ನು ಮರೆತಿದ್ದೇನೆ, ಅದನ್ನು ಮರೆಯಲಾಗಿಲ್ಲ.

ಆದುದರಿಂದ ನಿನ್ನ ಭಯ ಸುಳ್ಳೆಂದು ನಾನು ಹೇಳಲಾರೆ. ಮನೆಯ ಸೋಲಾರಿಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದರೆ ಐದು ವರ್ಷದ ನಿರ್ವಹಣೆ ಕೂಡಿಸಿಕೊಟ್ಟವರದೇ ಹೊಣೆ, ಅದು ಬರವಣಿಗೆಯಲ್ಲಿರಲಿ. ಪ್ಯಾನಲ್ಲುಗಳ 25 ವರ್ಷದ ವಾರಂಟಿ ತಯಾರಿಸಿದ ಕಂಪನಿಯದು, ಕೂಡಿಸಿದವನದಲ್ಲ. ಅವುಗಳ ಸೀರಿಯಲ್ ನಂಬರುಗಳನ್ನು ಬರೆದಿಟ್ಟುಕೊಂಡರೆ ಅವನಿಲ್ಲದಿದ್ದರೂ ಕೇಳಲು ಒಂದು ಬಾಗಿಲು ಉಳಿದೀತು. ಪ್ಯಾನಲ್ಲಿಗಿಂತ ಮೊದಲು ಕೆಡುವುದು ಇನ್ವರ್ಟರ್, ಅಂದರೆ ಪ್ಯಾನಲ್ಲಿನ ಕರೆಂಟನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ. ನಿಮಗೆ ಕೂಡಿಸಿಕೊಡುವವನು ನಾಲ್ಕು ವರ್ಷದ ಹಿಂದೆ ಸೋಲಾರ್ ಕೂಡಿಸಿದ ಮನೆಯೊಂದಕ್ಕೆ ಹೋಗಿ, ಕೆಟ್ಟಾಗ ಕರೆದರೆ ಬಂದನೇ ಎಂದು ಆ ಮನೆಯ ಹೆಂಗಸರನ್ನೇ ಕೇಳು.

ಖರ್ಚಿನ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆ, ತಪ್ಪಿದ್ದರೆ ಮನ್ನಿಸು. ನಿಮ್ಮ ಬಳಕೆ 200 ಯೂನಿಟ್ಟಿನೊಳಗಿದ್ದು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿದ್ದರೆ ಸಾಲ ಮಾಡಬೇಡ ಎನ್ನುತ್ತಿದ್ದೆ. ನೀನು ಬರೆದಂತೆ ತಿಂಗಳಿಗೆ 340 ಆಗುತ್ತಿರುವುದರಿಂದ, ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 12 ಯೂನಿಟ್ ಕೊಡುವ ಮೂರು ಕಿಲೋವ್ಯಾಟ್ ನಿಮಗೆ ಸರಿಹೊಂದೀತು. 78,000 ರೂಪಾಯಿ ಸಬ್ಸಿಡಿ ಕೆಲಸ ಮುಗಿದ ಮೇಲೆ ಖಾತೆಗೆ ಬರುವುದರಿಂದ, ಮೊದಲು ಪೂರ್ತಿ ಹಣ ನೀವೇ ಹೊಂದಿಸಬೇಕಾಗುತ್ತದೆ. ಬ್ಯಾಟರಿ ಇಲ್ಲದಿದ್ದರೆ ಕರೆಂಟು ಹೋದಾಗ ಸೋಲಾರೂ ನಿಲ್ಲುತ್ತದೆ. ಪಕ್ಕದ ಮನೆಯ ತೆಂಗಿನ ನೆರಳನ್ನೂ ಒಮ್ಮೆ ನೋಡು.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರ ಪ್ರತಿಯನ್ನು ನನಗೆ ಕಳಿಸು. ಕೆಟ್ಟರೆ ಯಾರು ಬರಬೇಕು, ಎಷ್ಟು ದಿನದೊಳಗೆ ಬರಬೇಕು ಎಂದು ಅದರಲ್ಲಿ ಬರೆದಿದೆಯೇ ಎಂದು ನಾನೂ ನಿನ್ನ ಅತ್ತೆಯೂ ಕೂತು ಓದುತ್ತೇವೆ.

ಇಂತಿ,
ನಿನ್ನ ಮಾವ