ಕೊಡಗಿನ ನಮ್ಮ ಸಿದ್ದಾಪುರದ ಓಟಿನ ಬಗ್ಗೆ ಬೆಂಗಳೂರಿನ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಸಿದ್ದಾಪುರದವರು ಜಾತಿ, ಧರ್ಮ ನೋಡಿ ಓಟು ಹಾಕ್ತಾರೆ, ಅದರಲ್ಲಿ ತಿಳ್ಕೊಳ್ಳೋಕೆ ಏನಿದೆ" ಅಂದೆಯಲ್ಲ, ಅದು ನನಗೆ ಬೇಜಾರಾಯಿತು. ನೀನೂ ಇದೇ ಊರಿನವನು ಮಾರಾಯ. ಅದಕ್ಕೇ ಬರೆಯುತ್ತಿದ್ದೇನೆ.

ಜಾತಿ ಲೆಕ್ಕ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೊಡವರು, ಅರೆಭಾಷೆ ಗೌಡರು, ಮುಸ್ಲಿಮರು, ಮಲಯಾಳಿಗಳು, ತಮಿಳರು, ಯರವ ಆದಿವಾಸಿಗಳು ಎಷ್ಟೆಷ್ಟು ಅಂತ ಟಿಕೆಟ್ ಕೊಡುವಾಗ ಎಲ್ಲ ಪಕ್ಷದವರೂ ಕೂಡಿಸಿ ಕಳೆಯುತ್ತಾರೆ. 2015ರಲ್ಲಿ ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಆದ ಗಲಾಟೆಯ ನೋವು ಇನ್ನೂ ಹೋಗಿಲ್ಲ. ಆದರೆ ಅದೊಂದೇ ಆಗಿದ್ದರೆ ಫಲಿತಾಂಶ ಬದಲಾಗಲೇಬಾರದಿತ್ತು, ಅಲ್ವಾ? 2013ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್ ಬಂದಾಗಲೂ ನಮ್ಮ ಜಿಲ್ಲೆಯ ಎರಡೂ ವಿಧಾನಸಭಾ ಸೀಟು ಬಿಜೆಪಿಯ ಹತ್ತಿರವೇ ಉಳಿದವು. 2018ರಲ್ಲೂ ಹಾಗೇ. 2023ರಲ್ಲಿ ಮಡಿಕೇರಿಯಲ್ಲಿ ಮಂತರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ ಗೆದ್ದು ಎರಡೂ ಕಾಂಗ್ರೆಸ್ಸಿಗೆ ಹೋದವು. ಮರುವರ್ಷವೇ ಲೋಕಸಭೆಗೆ ಮೈಸೂರು-ಕೊಡಗಿನಿಂದ ಬಿಜೆಪಿಯ ಯದುವೀರ್ ಆರಿಸಿ ಬಂದರು. ಊರು ಅದೇ, ಜನ ಅವರೇ.

ನಮ್ಮ ಪಕ್ಕದ ತೋಟದ ಚಿಕ್ಕ ಬೆಳೆಗಾರರೊಬ್ಬರನ್ನು ನೋಡು. ದಿಲ್ಲಿಗಾದರೆ ಅವರದು ಯಾವಾಗಲೂ ಒಂದೇ ಪಕ್ಷ, ಚರ್ಚೆಯೇ ಇಲ್ಲ. ವಿಧಾನಸಭೆಗೆ ಬಂದರೆ ಮೊದಲು ಆನೆಯ ಮಾತು. ಕಾಫಿ ಗಿಡ ಮುರಿದದ್ದಕ್ಕೆ ಪರಿಹಾರ ಎಷ್ಟು ಬಂತು, ಪಂಪ್‌ಸೆಟ್ಟಿನ ಕರೆಂಟು ಬಿಲ್ಲು ಏನಾಯಿತು, ಪೈಸಾರಿ ಅಂದರೆ ಸರ್ಕಾರಿ ಜಾಗಕ್ಕೆ ಹಕ್ಕುಪತ್ರ ಕೊಟ್ಟರಾ ಅಂತ ಕೇಳುತ್ತಾರೆ. ಗ್ರಾಮ ಪಂಚಾಯಿತಿಗಾದರೆ ಪಕ್ಷದ ಚಿಹ್ನೆಯೇ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯದ ಹೊಳೆಬದಿ ಮನೆಗಳಿಗೆ ನೀರು ನುಗ್ಗಿತಲ್ಲ, ಆ ಮಳೆಯಲ್ಲಿ ಹಗ್ಗ, ಟಾರ್ಚು ಹಿಡಿದು ಬಂದ ಹುಡುಗ ಬೇರೆ ಪಕ್ಷದವನು. ಪಂಚಾಯಿತಿಗೆ ಓಟು ಅವನಿಗೇ ಅಂತ ಇವರು ಆಗಲೇ ಹೇಳಿಬಿಟ್ಟಿದ್ದರು. ಇದನ್ನು ಚಂಚಲ ಅಂತ ನಾನು ಕರೆಯುವುದಿಲ್ಲ. ಯಾರಿಂದ ಯಾವ ಕೆಲಸ ಆಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ನಿನಗೆ ನಿಜವಾಗಿ ಹೇಳಬೇಕಾದದ್ದು ತೋಟದ ಕೆಲಸದವರು ಇರುವ ಲೈನ್ ಮನೆಗಳ ವಿಷಯ. 2023ರಲ್ಲಿ ಎರಡೂ ಕ್ಷೇತ್ರದಲ್ಲಿ ಗೆಲುವಿನ ಅಂತರ 4,000 ಚಿಲ್ಲರೆ, ಅಷ್ಟೇ. ಲೈನ್ ಮನೆ, ಆದಿವಾಸಿ ಹಾಡಿಗಳ ಜನ ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದಾರೆ. ಆದರೆ ಟಿವಿಯವರು ಕೊಡಗಿನ ರಾಜಕೀಯ ಅಂತ ಮಾತಾಡುವಾಗ ಅವರ ಹೆಸರೇ ಬರುವುದಿಲ್ಲ. ಹಿಂದೆ ತೋಟದ ಲೆಕ್ಕ ನೋಡುವ ರೈಟರು ಹೇಳಿದ ಕಡೆಗೆ ಲೈನಿನ ಓಟು ಅನ್ನುತ್ತಿದ್ದರು. ಈಗ ಹಾಗಿಲ್ಲ. ರೇಷನ್, ತಿಂಗಳಿಗೆ 2,000 ರೂಪಾಯಿ, ಫ್ರೀ ಬಸ್ಸು ಇವುಗಳ ಬಗ್ಗೆ ಹೆಂಗಸರು ಕೆಲಸ ಮಾಡುತ್ತಲೇ ಚರ್ಚೆ ಮಾಡುತ್ತಾರೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅನ್ನುವ ಲೆಕ್ಕ ಅವರ ಬಾಯಲ್ಲೇ ಇದೆ.

ಅವರಲ್ಲಿ ಓಟು ಹಾಕಲಾಗದವರೂ ಇದ್ದಾರೆ. 2024ರ ಏಪ್ರಿಲ್ 26ರಂದು ನಮ್ಮ ಬೂತಿಗೆ ಒಬ್ಬ ಯರವ ಹೆಂಗಸು ಬಂದಿದ್ದರು. ಕಾರ್ಡನ್ನು ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ ಸೆರಗಿಗೆ ಗಂಟು ಹಾಕಿಕೊಂಡಿದ್ದರು. ಪಟ್ಟಿಯಲ್ಲಿ ಬೆರಳಿಟ್ಟು ಮೂರು ಸಲ ಹುಡುಕಿದರು, ಹೆಸರು ಸಿಗಲಿಲ್ಲ. ಮೊದಲು ಕೆಲಸಕ್ಕಿದ್ದ ತೋಟ ಹೊಳೆಯಾಚೆ ನೆಲ್ಯಹುದಿಕೇರಿ ಕಡೆ. ಹೆಸರು ಅಲ್ಲೇ ಇತ್ತು. ಹೊಳೆ ದಾಟಿದರೆ ವಿಧಾನಸಭಾ ಕ್ಷೇತ್ರವೇ ಬೇರೆ, ಮಡಿಕೇರಿ. ತೋಟ ಬದಲಾದಾಗ ಫಾರಂ 8 ತುಂಬಿ ಕೊಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಮಾತೂ ಆಡದೆ ಕಾರ್ಡನ್ನು ಮತ್ತೆ ಸುತ್ತಿಕೊಂಡು ಹೋದರು. ನನಗೆ ಆವತ್ತು ತುಂಬಾ ಸಂಕಟವಾಯಿತು. 2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ತೆರವು ಮಾಡಿದಾಗ ಗುಡಿಸಲು ಕಳೆದುಕೊಂಡ ಆದಿವಾಸಿಗಳಿಗೂ ಕೊನೆಗೆ ಮನೆ ಸಿಕ್ಕಿದ್ದು ಬಸವನಹಳ್ಳಿ, ಬ್ಯಾಡಗೊಟ್ಟದ ಕಡೆ. ಈ ಜಿಲ್ಲೆಯಲ್ಲಿ ಬಡವರು ಜಾಗ ಬದಲಿಸುತ್ತಲೇ ಇರುತ್ತಾರೆ. ಅವರ ಹಿಂದೆ ಅವರ ಓಟೂ ಹೋಗಬೇಕು.

ನಾವು ಎಣಿಕೆಗೆ ಮೊದಲೇ ಕಡಿಮೆ. 1952ರಲ್ಲಿ ಕೊಡಗು ಬೇರೆ ರಾಜ್ಯವಾಗಿದ್ದಾಗ 24 ಜನರ ಶಾಸನಸಭೆ ಇತ್ತು. ಮೈಸೂರಿಗೆ ಸೇರಬೇಕಾ ಬೇಡವಾ ಅಂತ ಕಾಂಗ್ರೆಸ್ಸು ಮತ್ತು ಸೇರಬಾರದು ಅನ್ನುತ್ತಿದ್ದ ತಕ್ಕಡಿ ಗುರುತಿನವರ ನಡುವೆ ಜಟಾಪಟಿ ನಡೆದ ಕಾಲ. 1956ರಲ್ಲಿ ಸೇರಿಸಿಯೇ ಬಿಟ್ಟರು. ಆಮೇಲೆ ಬಹಳ ಕಾಲ ಮೂರು ವಿಧಾನಸಭಾ ಕ್ಷೇತ್ರ ಇದ್ದವು. 2008ರಲ್ಲಿ ಸೋಮವಾರಪೇಟೆಯನ್ನೂ ತೆಗೆದು ಎರಡು ಮಾಡಿದರು. ಸಂಸದರು ಹಿಂದೆ ಮಂಗಳೂರಿಗೂ ನಮಗೂ ಸೇರಿ ಒಬ್ಬರು, ಈಗ ಮೈಸೂರಿಗೂ ನಮಗೂ ಸೇರಿ ಒಬ್ಬರು. ಮೈಸೂರಿನ ಓಟಿನ ಮುಂದೆ ನಮ್ಮದು ಎಷ್ಟು ಹೇಳು. ಇನ್ನು ಜಿಲ್ಲಾ ಪಂಚಾಯಿತಿ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಮಧ್ಯದ ಮೆಟ್ಟಿಲೇ ಇಲ್ಲದಂತಾಯಿತು.

ಹೀಗಿರುವಾಗ ಓದಿದ ನಾವೂ "ಜಾತಿ ಓಟು" ಅಂದು ಕೈತೊಳೆದುಕೊಂಡರೆ ಹೇಗೆ? ನಿನ್ನ ಹೆಸರು ಇನ್ನೂ ನಮ್ಮ ಬೂತಿನ ಪಟ್ಟಿಯಲ್ಲೇ ಇದೆ, ನಾನೇ ನೋಡಿದೆ. ಮುಂದಿನ ಪಂಚಾಯಿತಿ ಚುನಾವಣೆಗೆ ಎರಡು ದಿನ ರಜೆ ಹಾಕಿ ಬಾ. ಅದಕ್ಕೂ ಮೊದಲು ಒಂದು ಭಾನುವಾರ ಬಂದರೆ ಇನ್ನೂ ಒಳ್ಳೆಯದು. ಸುತ್ತಲಿನ ತೋಟಗಳ ಲೈನ್‌ಗಳಿಗೆ ಹೋಗಿ ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿದೆ ಅಂತ ನೋಡಿ ಫಾರಂ ತುಂಬಿಸೋಣ. ನಿನಗೆ ಯರವರ ಮಾತು ಸ್ವಲ್ಪ ಬರುತ್ತದೆ, ನನಗೆ ಬರುವುದಿಲ್ಲ. ಯಾವ ವಾರ ಅಂತ ತಿಳಿಸು, ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಹತ್ತಿರ ನಾನು ಮಾತಾಡಿ ಇಡುತ್ತೇನೆ.

ನಿನ್ನ ಗೆಳೆಯ